ಥಂಡರ್‌ಬರ್ಡ್‌ನ ಒಳರಚನೆಯ ದಾಖಲೆ: ‘ಏಕೆ’ ಎಂದು ಕೇಳುವವರಿಗೆ

ಇಮೇಲ್ ತಂತ್ರಾಂಶವೊಂದರ ಒಳಗೆ ಏನು ನಡೆಯುತ್ತದೆ ಎಂಬ ಪ್ರಶ್ನೆ ನನಗೆ ಹುಟ್ಟಿದ್ದು ಒಂದು ವಿಷಯ ಸಾಲಿನಿಂದ. ಒಂದು ಕಚೇರಿಯ ತಂತ್ರಾಂಶ ಕಳಿಸಿದ ‘ಕರ್ನಾಟಕ ರಾಜ್ಯೋತ್ಸವ’ ಎಂಬ ಶೀರ್ಷಿಕೆ ನನ್ನ ಪರದೆಯ ಮೇಲೆ ‘ರಾಜ್ಯೋತ’ ಎಂಬಲ್ಲಿಯವರೆಗೆ ಸರಿಯಾಗಿ ಬಂದು, ಮುಂದೆ ಪ್ರಶ್ನಾರ್ಥಕ ಚಿಹ್ನೆಗಳಾಗಿ ಒಡೆದಿತ್ತು. ಬಹುಕಾಲ ಬಾಳಿದ ತಂತ್ರಾಂಶ ಇಂಥದ್ದನ್ನು ಹೇಗೆ ನಿಭಾಯಿಸುತ್ತದೆ ಎಂದು ತಿಳಿಯಲು, 2004ರ ಡಿಸೆಂಬರಿನಲ್ಲಿ 1.0 ಆವೃತ್ತಿ ಕಂಡ ಇಮೇಲ್ ತಂತ್ರಾಂಶ ಥಂಡರ್‌ಬರ್ಡ್‌ನ ಡೆವಲಪರ್ ದಾಖಲೆಯನ್ನು ಓದಲು ಕುಳಿತೆ. ಮುಕ್ತ ತಂತ್ರಾಂಶವಾದ್ದರಿಂದ ದಾಖಲೆಯನ್ನೂ ಕೋಡನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡೇ ಓದಬಹುದು; ಹಾಗೆ ಓದಿದರೆ ಮಾತ್ರ ಅದರ ನಿಜವಾದ ಬೆಲೆ ತಿಳಿಯುತ್ತದೆ.

ವಿವರಣೆ ಎರಡು ಕಡೆ ಹಂಚಿಹೋಗಿದೆ. ಬಿಲ್ಡ್ ಮಾಡುವುದು (ಕೋಡಿನಿಂದ ಓಡುವ ತಂತ್ರಾಂಶವನ್ನು ಕಟ್ಟುವುದು), ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸುವುದು ಮುಂತಾದ ಕಾರ್ಯವಿಧಾನ ಒಂದು ತಾಣದಲ್ಲಿದೆ. ಒಳರಚನೆಯ ವಿವರಣೆ ಇನ್ನೊಂದರಲ್ಲಿದೆ. ಎರಡನೆಯದು ಸೋರ್ಸ್ ಕೋಡಿನ ಭಂಡಾರದೊಳಗೇ ಇರುವ ಕಡತಗಳಿಂದ ಸಿದ್ಧವಾಗುತ್ತದೆ, ಹೀಗಾಗಿ ಕೋಡ್ ತಿದ್ದುವವರು ಅದೇ ಪ್ಯಾಚಿನಲ್ಲಿ ವಿವರಣೆಯನ್ನೂ ತಿದ್ದಬಹುದು. ಈ ಏರ್ಪಾಡನ್ನು ನಾನು ಮನಸಾರೆ ಮೆಚ್ಚುತ್ತೇನೆ. ಹೊಸಬರು ಮೊದಲೇ ಅರಿತಿರಬೇಕಾದ ಸಂಗತಿ ಇನ್ನೊಂದಿದೆ: ಥಂಡರ್‌ಬರ್ಡ್ ಒಂಟಿಯಾಗಿ ನಿಲ್ಲುವುದಿಲ್ಲ. ಫೈರ್‌ಫಾಕ್ಸ್‌ನ ಇಡೀ ಕೋಡನ್ನು ತಂದಿಟ್ಟುಕೊಂಡು, ಅದರೊಳಗಿನ ಒಂದು ಫೋಲ್ಡರಿನಲ್ಲಿ ಇದರ ಕೋಡನ್ನು ಇರಿಸಿಯೇ ಬಿಲ್ಡ್ ಮಾಡಬೇಕು.

ದಾಖಲೆಯಿಂದ ಅತಿ ಹೆಚ್ಚು ಲಾಭ ಸಿಗುವುದು ಪತ್ರಗಳ ಸಂಗ್ರಹಣೆಯ ವಿಷಯದಲ್ಲಿ. ಥಂಡರ್‌ಬರ್ಡ್ ಸ್ಥಳೀಯ ಫೋಲ್ಡರನ್ನು ರೂಢಿಯಂತೆ ಎಂಬಾಕ್ಸ್ ಎಂಬ ಒಂದೇ ಉದ್ದನೆಯ ಕಡತವಾಗಿ ಇಡುತ್ತದೆ. ಪತ್ರಗಳು ಅದರಲ್ಲಿ ಒಂದರ ಹಿಂದೊಂದು ಸಾಲಾಗಿ ಕೂರುತ್ತವೆ. ಜತೆಗಿರುವ ಎಂಎಸ್ಎಫ್ ಕಡತ ಆ ಫೋಲ್ಡರಿನ ಸಾರಾಂಶ. ಅದು ಮೋರ್ಕ್ ಎಂಬ ಹಳೆಯ ಪಠ್ಯರೂಪದ ದತ್ತಸಂಚಯವಾಗಿದ್ದು, ಅದರ ಬದಲು ಎಸ್‌ಕ್ಯೂಲೈಟ್ ಆಧರಿಸಿದ ಒಂದೇ ದತ್ತಸಂಚಯವನ್ನು ತರುವ ಕೆಲಸ ಕೈಗೆತ್ತಿಕೊಳ್ಳಲಾಗಿದೆ. ಇಷ್ಟು ತಿಳಿದ ಮೇಲೆ ನಾನು ಪ್ರಯೋಗಕ್ಕೆಂದೇ ತೆರೆದ ಪ್ರೊಫೈಲಿನಲ್ಲಿ ಓದಿದ್ದ ಒಂದು ಪತ್ರವನ್ನು ಅಳಿಸಿ, ಎಂಬಾಕ್ಸ್ ಕಡತವನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ನೋಡಿದೆ. ಪತ್ರ ಇದ್ದ ಜಾಗದಲ್ಲೇ ಇತ್ತು. ಅದರ ತಲೆಭಾಗದ ‘ಎಕ್ಸ್-ಮೊಜಿಲ್ಲಾ-ಸ್ಟೇಟಸ್’ ಎಂಬ ಸಾಲಿನಲ್ಲಿ ಮೊದಲು 0001 ಎಂದಿದ್ದದ್ದು 0009 ಆಗಿತ್ತು. ಇಲ್ಲಿ 1 ಎಂದರೆ ಓದಿದ್ದು, 8 ಎಂದರೆ ತೆಗೆದುಹಾಕಿದ್ದು. ಎರಡೂ ಕೂಡಿ 9. ಸಂಖ್ಯೆಗೆ ಯಾವಾಗಲೂ ನಾಲ್ಕೇ ಅಂಕಿಗಳ ಜಾಗ ಇರುವುದರಿಂದ, ಮುಂದಿನ ಯಾವ ಪತ್ರವನ್ನೂ ಅಲುಗಿಸದೆ ಅದನ್ನು ಇದ್ದಲ್ಲೇ ತಿದ್ದಲು ಸಾಧ್ಯ. ಜಾಗ ನಿಜವಾಗಿ ಖಾಲಿಯಾಗುವುದು ‘ಕಾಂಪ್ಯಾಕ್ಟ್’ ಮಾಡಿ ಇಡೀ ಕಡತವನ್ನು ಹೊಸದಾಗಿ ಬರೆದಾಗ. ಬಳಸುವವರಿಗೆ ಅರ್ಥವಿಲ್ಲದ ಆಜ್ಞೆಯಂತೆ ಕಾಣುವ ಆ ಪದ ಡೆವಲಪರಿಗೆ ಇಲ್ಲಿ ಪೂರ್ತಿ ಬೆಳಕಿಗೆ ಬರುತ್ತದೆ.

ಇದೇ ಸಂಗ್ರಹಣೆಗೆ ಸೇರಿದ ಇನ್ನೊಂದು ಗಂಟು ಪತ್ರದ ಕೀಲಿಸಂಖ್ಯೆ. ಸ್ಥಳೀಯ ಫೋಲ್ಡರಿನಲ್ಲಿ ಪತ್ರವನ್ನು ಗುರುತಿಸುವ 32 ಬಿಟ್‌ಗಳ ಸಂಖ್ಯೆಗೆ ಹಿಂದೆ ಒಂದೇ ಅರ್ಥವಿತ್ತು: ಕಡತದ ಎಷ್ಟನೆಯ ಬೈಟಿನಲ್ಲಿ ಆ ಪತ್ರ ಶುರುವಾಗುತ್ತದೆ ಎಂಬುದು. ಒಂದು ಫೋಲ್ಡರ್ 4 ಜಿಬಿ ದಾಟಬಾರದೆಂಬ ಹಳೆಯ ಮಿತಿ ಹುಟ್ಟಿದ್ದು ಅಲ್ಲಿಂದಲೇ. ಆಮೇಲೆ ಪತ್ರ ಇರುವ ಸ್ಥಾನವನ್ನು ಕೀಲಿಯಿಂದ ಬೇರ್ಪಡಿಸಿ, ‘ಸ್ಟೋರ್ ಟೋಕನ್’ ಎಂಬ ಪ್ರತ್ಯೇಕ ಗುರುತಿನಲ್ಲಿ ಇಡಲಾಯಿತು. ಈ ಇತಿಹಾಸ ಗೊತ್ತಿಲ್ಲದವರು ಕೋಡಿನಲ್ಲಿ ಎರಡೆರಡು ಗುರುತುಗಳನ್ನು ಕಂಡು, ಒಂದನ್ನು ಅನಗತ್ಯವೆಂದು ಕಿತ್ತುಹಾಕಲು ಹೊರಟರೆ ಆಶ್ಚರ್ಯವಿಲ್ಲ.

ತಂತ್ರಾಂಶದ ಒಂದು ಭಾಗ ಇನ್ನೊಂದಕ್ಕೆ ಏನು ಮಾಡಿಕೊಡುತ್ತದೆಂದು ಘೋಷಿಸುವ ಇಂಟರ್‌ಫೇಸುಗಳ ವಿಷಯಕ್ಕೆ ಬಂದರೆ ದಾರಿ ಕಡಿದಾಗುತ್ತದೆ. ಫೋಲ್ಡರ್, ಖಾತೆ, ಸರ್ವರ್ ಎಲ್ಲವೂ ಎಕ್ಸ್‌ಪಿಕಾಮ್ ಎಂಬ ಪದ್ಧತಿಯ ಇಂಟರ್‌ಫೇಸುಗಳು. ಘೋಷಣೆ ಒಂದು ಕಡತದಲ್ಲಿ, ಅದನ್ನು ನೆರವೇರಿಸುವ ಕೋಡ್ ಸಿ++ನಲ್ಲೋ ಜಾವಾಸ್ಕ್ರಿಪ್ಟ್‌ನಲ್ಲೋ ಮತ್ತೊಂದು ಕಡೆ. ಹೆಸರುಗಳ ಮೊದಲಿಗೆ ಬರುವ ‘ಎನ್ಎಸ್’ ಈ ಕೋಡಿನ ಮೂಲವಾದ ನೆಟ್‌ಸ್ಕೇಪ್ ಬ್ರೌಸರಿನ ಕಾಲದ ನೆನಪು. ಪ್ರತಿ ವಿಧಾನ ಏನು ಮಾಡುತ್ತದೆಂಬ ವಿವರಣೆ ಬಹುಪಾಲು ಆ ಘೋಷಣೆಯ ಕಡತದ ಟಿಪ್ಪಣಿಗಳಲ್ಲಿಯೇ ಇರುವುದರಿಂದ, ಒಂದು ಪತ್ರ ಸರ್ವರಿನಿಂದ ಹೊರಟು ಪರದೆಗೆ ಬಂದು ಮುಟ್ಟುವ ಪಯಣವನ್ನು ಓದುವವರೇ ತುಂಡು ತುಂಡಾಗಿ ಜೋಡಿಸಿಕೊಳ್ಳಬೇಕಾಗುತ್ತದೆ.

ನನ್ನ ವಿಷಯ ಸಾಲಿನ ಒಗಟು ಬಿಡಿಸಿದ್ದೂ ಹೀಗೆ ಜೋಡಿಸಿಕೊಂಡ ಮೇಲೆಯೇ. ತಲೆಬರಹಗಳನ್ನು ಓದುವ, ಬರೆಯುವ ಹೊಣೆ ಜೆಎಸ್‌ಮೈಮ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯದು. ಕನ್ನಡದಂಥ ಲಿಪಿಯನ್ನು ತಲೆಬರಹದಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಸಂಕೇತಿಸಿ ತುಂಡುಗಳಾಗಿ ಕಳಿಸಲಾಗುತ್ತದೆ; ಇಮೇಲ್ ಮಾನದಂಡದ ಪ್ರಕಾರ ಅಂಥ ಒಂದು ತುಂಡು 75 ಅಕ್ಷರ ಮೀರಬಾರದು. ಯುಟಿಎಫ್-8 (ಅಕ್ಷರಗಳನ್ನು ಬೈಟುಗಳಾಗಿಸುವ ಕ್ರಮ), ಬೇಸ್64 (3 ಬೈಟುಗಳನ್ನು 4 ಅಕ್ಷರಗಳಾಗಿ ಬರೆಯುವ ಕ್ರಮ) ಎಂಬ ಗುರುತುಗಳಿಗೆ 12 ಹೋದರೆ ಉಳಿಯುವ ಜಾಗದಲ್ಲಿ 45 ಬೈಟು ಹಿಡಿಸುತ್ತವೆ. ಕನ್ನಡದ ಪ್ರತಿ ಚಿಹ್ನೆಗೆ 3 ಬೈಟು ಬೇಕು. ‘ಕರ್ನಾಟಕ ರಾಜ್ಯೋತ್ಸವ’ಕ್ಕೆ, ನಡುವಿನ ಖಾಲಿ ಜಾಗವೂ ಸೇರಿ, 52 ಬೈಟು ಬೇಕಾದ್ದರಿಂದ ಎರಡು ತುಂಡು ಅನಿವಾರ್ಯ. 45ಕ್ಕೆ ಸರಿಯಾಗಿ ಕತ್ತರಿಸಿದರೆ ಕತ್ತರಿ ಬೀಳುವುದು ‘ತ್ಸ’ದ ನಡುವಿನ ಹಲಂತ ಚಿಹ್ನೆಯ ಒಳಗೆ: ಎರಡು ಬೈಟು ಒಂದು ಕಡೆ, ಒಂದು ಬೈಟು ಇನ್ನೊಂದು ಕಡೆ. ಹಾಗೆ ಒಂದು ಚಿಹ್ನೆಯನ್ನು ಎರಡು ತುಂಡುಗಳಿಗೆ ಹಂಚಬಾರದೆಂದು ಮಾನದಂಡ ಸ್ಪಷ್ಟವಾಗಿ ಹೇಳುತ್ತದೆ. 43ನೆಯ ಬೈಟಿಗೆ, ‘ತ’ ಮುಗಿದಲ್ಲಿ, ನಿಲ್ಲಿಸಬೇಕು. ಆ ಕಚೇರಿಯ ತಂತ್ರಾಂಶ ಬೈಟುಗಳನ್ನು ಎಣಿಸಿತ್ತು, ಅಕ್ಷರಗಳನ್ನು ನೋಡಿರಲಿಲ್ಲ.

ಪತ್ರದ ಒಡಲನ್ನು ಬಿಡಿಸುವ ಲಿಬ್‌ಮೈಮ್ ಇದಕ್ಕಿಂತ ಹಳೆಯದು, ನೆಟ್‌ಸ್ಕೇಪ್‌ನ ಕಾಲದ್ದು. ಸಾದಾ ಪಠ್ಯ, ಎಚ್‌ಟಿಎಂಎಲ್, ಬಹುಭಾಗದ ಪತ್ರ, ಸಹಿ ಇರುವ ಪತ್ರ, ಇವುಗಳಲ್ಲಿ ಯಾವುದು ಯಾವುದರಿಂದ ಕವಲೊಡೆದಿದೆ ಎಂಬ ಇಡೀ ವಂಶವೃಕ್ಷವನ್ನು ಗೆರೆಗಳಿಂದಲೂ ಅಕ್ಷರಗಳಿಂದಲೂ ಎಳೆದ ಒಂದು ಟಿಪ್ಪಣಿ ಅದರ ಹೆಡರ್ ಕಡತದಲ್ಲಿದೆ. ನಾನು ಓದಿದ್ದರಲ್ಲೆಲ್ಲ ಅತ್ಯುತ್ತಮ ವಿವರಣೆ ಅದೇ. ಕೋಡಿನ ಆಳಕ್ಕೆ ಇಳಿಯದವರ ಕಣ್ಣಿಗೂ ಅದು ಬೀಳುವಂತೆ ಒಳರಚನೆಯ ಪುಟಗಳಿಗೆ ಸೇರಿಸಲು ಒಂದು ಪ್ಯಾಚ್ ಬರೆಯಲು ಆರಂಭಿಸಿದ್ದೇನೆ.