ನೆದರ್‌ಲ್ಯಾಂಡ್ಸ್‌ಗೆ ಹೊರಟವರೇ, ಬಾಡಿಗೆ ಮನೆಗೆ ಅಂತ ದುಡ್ಡು ಕಳಿಸುವ ಮುಂಚೆ ಇದನ್ನು ಓದಿ

ಐಂಡ್‌ಹೋವನ್ ಕಡೆ ಕೆಲಸ ಸಿಕ್ಕಿ ಹೊರಡುವ ತಯಾರಿಯಲ್ಲಿರುವವರು ದಯವಿಟ್ಟು ಪೂರ್ತಿ ಓದಿ. ನಾವು ಬೆಂಗಳೂರಿನಲ್ಲಿ ಇದ್ದಾಗಲೇ ಮನೆ ಗೊತ್ತು ಮಾಡಿಕೊಂಡು, ಅಡ್ವಾನ್ಸ್ ಕಳಿಸಿ ಬಂದೆವು. ಮನೆ ನಿಜವಾಗಿಯೂ ಇತ್ತು. ಫೋಟೋದಲ್ಲಿ ಇದ್ದ ಹಾಗೇ ಇತ್ತು. ಬೀಗದ ಕೈಯೂ ಸಿಕ್ಕಿತು. ಆದರೂ ಮೋಸ ಹೋದೆವು. ದುಡ್ಡು ತಗೊಂಡು ಫೋನ್ ಆಫ್ ಮಾಡುವ ಕಳ್ಳರ ಬಗ್ಗೆ ನೀವೆಲ್ಲ ಕೇಳಿರುತ್ತೀರಿ. ಈ ಥರದ ಮೋಸದ ಬಗ್ಗೆ ನಮಗೆ ಮೊದಲೇ ಹೇಳಿದವರು ಯಾರೂ ಇರಲಿಲ್ಲ.

ಇದು 2024ರ ಕೊನೆಯಲ್ಲಿ ನಡೆದದ್ದು. ಎಎಸ್‌ಎಂಎಲ್, ಎನ್‌ಎಕ್ಸ್‌ಪಿ ಥರದ ಚಿಪ್ ಕ್ಷೇತ್ರದ ಕಂಪನಿಗಳಿಗೆ ಅಂತ ಜನ ಬರುತ್ತಲೇ ಇರುವ ಊರಿದು, ಬಾಡಿಗೆ ಮನೆಗೆ ತುಂಬಾ ಪೈಪೋಟಿ. ಏಜೆಂಟರಿಗೆ ಮೇಲ್ ಹಾಕಿದರೆ ಬಹಳಷ್ಟು ಸಲ ಉತ್ತರವೇ ಬರುವುದಿಲ್ಲ. ಬಂದರೆ 'ಇಲ್ಲಿಗೆ ಬಂದ ಮೇಲೆ ನೋಡೋಣ' ಅನ್ನುತ್ತಾರೆ. ಮಗಳನ್ನು ಕರಕೊಂಡು ಹೊರಟ ನಮಗೆ ತಲೆ ಮೇಲೊಂದು ಸೂರು ಬೇಕಿತ್ತು. ಅಷ್ಟರಲ್ಲಿ ಆನ್‌ಲೈನ್ ಜಾಹೀರಾತು ಒಂದು ಕಣ್ಣಿಗೆ ಬಿತ್ತು. ಎರಡು ಬೆಡ್‌ರೂಮ್, ಬಸ್ ಸ್ಟಾಪ್ ಹತ್ತಿರ, ತಿಂಗಳಿಗೆ 1,450 ಯೂರೋ.

ಜಾಹೀರಾತು ಹಾಕಿದವನು ಉತ್ತರ ಭಾರತದವನು. ಹಿಂದಿಯಲ್ಲಿ ಮಾತಾಡಿದ. 'ಬೇರೆಯವರಿಗಿಂತ ನಮ್ಮ ದೇಶದವರಿಗೇ ಕೊಡೋಣ ಅಂತ' ಅಂದ. ವಿಡಿಯೋ ಕಾಲ್‌ನಲ್ಲಿ ಒಂದೊಂದೇ ಕೋಣೆ ತೋರಿಸಿದ. ಅಡುಗೆಮನೆಯ ನಲ್ಲಿ ಬಿಟ್ಟು ಬಿಸಿನೀರು ಬರುವುದನ್ನೂ ತೋರಿಸಿದ. ಮನೆ ತನ್ನದೇ, ಕೆಲಸದ ಮೇಲೆ ಬೇರೆ ದೇಶಕ್ಕೆ ಹೋಗುತ್ತಿದ್ದೇನೆ ಅಂತ ಹೇಳಿದ. ಮೂರು ತಿಂಗಳ ಡೆಪಾಸಿಟ್, ಒಂದು ತಿಂಗಳ ಬಾಡಿಗೆ ಕೇಳಿದ. ಒಟ್ಟು 5,800 ಯೂರೋ. ಆಗಿನ ಲೆಕ್ಕದಲ್ಲಿ 5 ಲಕ್ಷ ರೂಪಾಯಿಗೂ ಜಾಸ್ತಿ.

ಬೆಂಗಳೂರಿನಲ್ಲಿ 10 ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸ ಇರುವವರಿಗೆ ಮೂರು ತಿಂಗಳು ಕಮ್ಮಿ ಅಂತಲೇ ಅನ್ನಿಸುತ್ತದೆ. ಇಂಥ ಮೋಸಗಾರರಿಗೆ ಅದು ಚೆನ್ನಾಗಿ ಗೊತ್ತು. ನೆದರ್‌ಲ್ಯಾಂಡ್ಸ್‌ನಲ್ಲಿ 2023ರ ಜುಲೈ 1ರಿಂದ ಕಾನೂನೇ ಇದೆ: ಹೊಸ ಕರಾರಿನಲ್ಲಿ ಡೆಪಾಸಿಟ್ ಎರಡು ತಿಂಗಳ ಮೂಲ ಬಾಡಿಗೆಗಿಂತ ಜಾಸ್ತಿ ಇರುವ ಹಾಗಿಲ್ಲ. ಮೂರು ತಿಂಗಳು ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಕಾನೂನು ಗೊತ್ತಿರುವ ಮಾಲೀಕ ಅಷ್ಟು ಕೇಳುವುದಿಲ್ಲ.

ನವೆಂಬರಿನ ಮಳೆಯಲ್ಲಿ ಬಂದಿಳಿದೆವು. ಅವನ ಸ್ನೇಹಿತ ಅಂತ ಒಬ್ಬ ಬಂದು ಬೀಗದ ಕೈ ಕೊಟ್ಟು ಹೋದ. ಮನೆ ಬೆಚ್ಚಗಿತ್ತು, ಚೊಕ್ಕಟವಾಗಿತ್ತು. ಕೆಳಗೆ ಬಾಗಿಲ ಪಕ್ಕ ಸಾಲಾಗಿ ಅಂಚೆ ಡಬ್ಬಿಗಳಿವೆ, ಒಂದೊಂದರ ಮೇಲೂ ಆ ಮನೆಯವರ ಹೆಸರಿನ ಪಟ್ಟಿ. ನಮ್ಮ ಡಬ್ಬಿಯ ಮೇಲೆ ಮಾತ್ರ ಸೆಲ್ಲೋಟೇಪ್ ಹಾಕಿ ಅಂಟಿಸಿದ ಚೀಟಿ. ಅದರಲ್ಲಿ ಮೂರು ಬೇರೆ ಬೇರೆ ಕುಟುಂಬದ ಹೆಸರುಗಳು, ಎರಡನ್ನು ಪೆನ್ನಿನಿಂದ ಹೊಡೆದು ಹಾಕಿದ್ದರು. ಬಾಡಿಗೆ ಕರಾರಿನಲ್ಲಿ ಸಹಿ ಮಾಡಿದವನ ಹೆಸರು ಅದರಲ್ಲಿ ಇರಲಿಲ್ಲ. ಡಬ್ಬಿ ತೆಗೆದರೆ ಯಾರ್‍ಯಾರದೋ ಹೆಸರಿಗೆ ಬಂದ ಲಕೋಟೆಗಳು. ನನ್ನ ಗಂಡ ಅದನ್ನು ನೋಡಿದ್ದೇ 'ಇಲ್ಲೇನೋ ಸರಿ ಇಲ್ಲ' ಅಂದರು.

ನಾಲ್ಕು ತಿಂಗಳಿಗಿಂತ ಜಾಸ್ತಿ ಇರಲು ಬಂದವರು, ಬಂದ ಐದು ದಿನದೊಳಗೆ ಇಲ್ಲಿನ ನಗರಸಭೆಯಲ್ಲಿ ವಿಳಾಸ ನೋಂದಾಯಿಸಬೇಕು. ಗೆಮೇಂಟೆ ಅಂತಾರೆ ಅದಕ್ಕೆ. ಅಲ್ಲಿ ಬಿಎಸ್‌ಎನ್ ಅನ್ನುವ ಸಂಖ್ಯೆ ಕೊಡುತ್ತಾರೆ. ಇಲ್ಲಿನ ಬದುಕೆಲ್ಲ ಆ ಸಂಖ್ಯೆಗೆ ಜೋತು ಬಿದ್ದಿದೆ. ಬ್ಯಾಂಕಿನವರು ಕೇಳುತ್ತಾರೆ, ಆರೋಗ್ಯ ವಿಮೆಗೆ ಬೇಕು, ಮಗಳ ಶಾಲೆಯವರೂ ಕೇಳಿದರು. ಆಫೀಸಿಗೆ ಬಿಎಸ್‌ಎನ್ ಕೊಡದಿದ್ದರೆ ಸಂಬಳದಲ್ಲಿ 52% ತೆರಿಗೆ ಹಿಡಿಯಬೇಕು ಅನ್ನುವ ನಿಯಮ ಇದೆ. ಸರ್ಕಾರಿ ಸೈಟುಗಳಿಗೆ ಲಾಗಿನ್ ಆಗುವ ಡಿಜಿಡಿಗೆ ಅರ್ಜಿ ಹಾಕಿದರೆ ಅದರ ಕೋಡ್ ನೋಂದಾಯಿತ ವಿಳಾಸಕ್ಕೆ ಅಂಚೆಯಲ್ಲೇ ಬರುತ್ತದೆ. ಅಂದರೆ ಮನೆಗೆ ಕೊಟ್ಟ ದುಡ್ಡು ಹೋದರೆ ದುಡ್ಡು ಮಾತ್ರ ಹೋಯಿತು. ವಿಳಾಸ ಇಲ್ಲದಿದ್ದರೆ ಯಾವ ಕೆಲಸವೂ ಮುಂದಕ್ಕೆ ಹೋಗುವುದಿಲ್ಲ.

ಪಾಸ್‌ಪೋರ್ಟ್, ಅಪಾಸ್ಟಿಲ್ ಮಾಡಿಸಿದ ಜನನ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರ, ಬಾಡಿಗೆ ಕರಾರು, ಎಲ್ಲ ತಗೊಂಡು ಹೋದೆವು. ಕೌಂಟರಿನಲ್ಲಿದ್ದ ಹೆಂಗಸು ತುಂಬಾ ತಾಳ್ಮೆಯವರು. ಕಂಪ್ಯೂಟರ್ ನೋಡಿದರು, ಕರಾರು ನೋಡಿದರು, ಮತ್ತೆ ಕಂಪ್ಯೂಟರ್ ನೋಡಿದರು. ಈ ವಿಳಾಸದಲ್ಲಿ ಆಗಲೇ ಬೇರೆಯವರು ನೋಂದಾಯಿಸಿದ್ದಾರೆ, ಅವರ ಒಪ್ಪಿಗೆ ಪತ್ರ, ಅವರ ಗುರುತಿನ ಚೀಟಿಯ ಪ್ರತಿ ತನ್ನಿ ಅಂದರು. ಮನೆ ಕೊಟ್ಟವನಿಗೆ ಫೋನ್ ಮಾಡಿದರೆ 'ಎರಡು ತಿಂಗಳು ತಡೀರಿ, ಈಗ ರಿಜಿಸ್ಟ್ರೇಷನ್ ಬೇಡ' ಅಂದ. ಆಮೇಲೆ ಫೋನ್ ಎತ್ತುವುದನ್ನೇ ಕಮ್ಮಿ ಮಾಡಿದ.

ಆಗ ಆಫೀಸಿನಲ್ಲಿ ಹಾಸನದವರೊಬ್ಬರು ಕಾಡಾಸ್ಟರ್ ಬಗ್ಗೆ ಹೇಳಿದರು. ಈ ಇಡೀ ಬರಹದಲ್ಲಿ ನೀವು ನೆನಪಿಟ್ಟುಕೊಳ್ಳಬೇಕಾದದ್ದು ಇದನ್ನು. ಊರಲ್ಲಿ ಜಮೀನು ತಗೊಳ್ಳುವ ಮುಂಚೆ ಪಹಣಿ ತೆಗೆಸಿ ನೋಡುವುದಿಲ್ಲವಾ, ಹಾಗೆ. ಕಾಡಾಸ್ಟರ್ ಇಲ್ಲಿನ ಸರ್ಕಾರದ ಆಸ್ತಿ ದಾಖಲೆ. ಪಿನ್‌ಕೋಡ್ ಮತ್ತು ಮನೆ ನಂಬರ್ ಹಾಕಿ ಕೆಲವೇ ಯೂರೋ ಕಟ್ಟಿದರೆ ಮನೆ ಯಾರ ಹೆಸರಿನಲ್ಲಿದೆ ಅಂತ ಯಾರು ಬೇಕಾದರೂ ನೋಡಬಹುದು. ಅವರು ಅಲ್ಲೇ, ತಮ್ಮ ಮೇಜಿನಲ್ಲಿ ಕೂತು ತೆಗೆದರು. ಮಾಲೀಕರ ಜಾಗದಲ್ಲಿ ಯಾವ ವ್ಯಕ್ತಿಯ ಹೆಸರೂ ಇರಲಿಲ್ಲ. ವಸತಿ ಸಂಸ್ಥೆಯ ಹೆಸರಿತ್ತು.

ಅದು ಕಡಿಮೆ ಆದಾಯದವರಿಗೆ ಅಂತ ಕೊಡುವ ಸಾಮಾಜಿಕ ಬಾಡಿಗೆ ಮನೆ. 2024ರಲ್ಲಿ ಅಂಥ ಮನೆ ಕೊಡುವಾಗ ಶುರುವಿನ ಬಾಡಿಗೆ 879.66 ಯೂರೋ ದಾಟುವ ಹಾಗಿರಲಿಲ್ಲ. ಅದಕ್ಕಾಗಿ ಜನ ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಾರೆ. ಇವನು ಆ ಮನೆಯ ಬಾಡಿಗೆದಾರ ಅಷ್ಟೇ. ತಾನು ಬೇರೆ ಕಡೆ ಇದ್ದುಕೊಂಡು, ಮಾಲೀಕ ಅಂತ ಹೇಳಿಕೊಂಡು, ಹೊಸದಾಗಿ ದೇಶಕ್ಕೆ ಬರುವ ಒಂದೊಂದು ಸಂಸಾರವನ್ನು ತಂದು ಇಡುತ್ತಿದ್ದ. ಅಂಚೆ ಡಬ್ಬಿಯ ಮೇಲಿದ್ದ ಹೆಸರುಗಳು ಅವರದೇ. ಇದೆಲ್ಲ ತಿಳಿದ ದಿನ ನನಗೆ ದುಡ್ಡಿಗಿಂತ ಜಾಸ್ತಿ ಸಂಕಟ ಆದದ್ದು ಇನ್ನೊಂದಕ್ಕೆ. ನಾವು ಮಲಗುತ್ತಿದ್ದ ಕೋಣೆ, ಆ ಸರದಿಯಲ್ಲಿ ನಿಂತ ಯಾರಿಗೋ ಸೇರಬೇಕಾಗಿದ್ದದ್ದು.

ಸ್ವಲ್ಪ ದಿನಕ್ಕೆ ಸಂಸ್ಥೆಯವರು ಬಂದು ಬಾಗಿಲು ತಟ್ಟಿದರು. ಜೋರು ಮಾಡಲಿಲ್ಲ. ನೀವು ಯಾರು, ಎಷ್ಟು ಕೊಟ್ಟಿರಿ, ಯಾರಿಗೆ ಕೊಟ್ಟಿರಿ ಅಂತ ಕೇಳಿ ಬರೆದುಕೊಂಡರು. ನಿಮಗೆ ಇಲ್ಲಿ ಇರುವ ಹಕ್ಕಿಲ್ಲ, ಖಾಲಿ ಮಾಡಬೇಕು ಅಂತ ಸ್ಪಷ್ಟವಾಗಿ ಹೇಳಿದರು. ಆಫೀಸಿನ ಎಚ್‌ಆರ್‌ನವರು ನೋಂದಣಿ ಆಗುವ ಸರ್ವಿಸ್ ಅಪಾರ್ಟ್‌ಮೆಂಟ್ ಕೊಡಿಸಿದ್ದರಿಂದ ಬಚಾವಾದೆವು. ಅಲ್ಲಿಂದ ಬಿಎಸ್‌ಎನ್ ಬಂತು, ಅದಾದ ಮೇಲೆ ಉಳಿದದ್ದೆಲ್ಲ ಒಂದೊಂದಾಗಿ ಸರಿಹೋಯಿತು.

ಹೊರಡುವವರು ಆಫೀಸಿನವರ ಹತ್ತಿರ ಇದನ್ನೇ ಕೇಳಿ. ಮೊದಲ ಒಂದೆರಡು ತಿಂಗಳಿಗೆ, ವಿಳಾಸ ನೋಂದಾಯಿಸಲು ಬಿಡುವ ತಾತ್ಕಾಲಿಕ ಮನೆ. ಸಂಬಳದ ಮಾತುಕತೆ ನಡೆಯುವಾಗಲೇ ಕೇಳಿ, ಸಂಕೋಚ ಬೇಡ. ದುಬಾರಿ ಅನ್ನಿಸಿದರೂ ಅದೇ ಒಳ್ಳೇದು. ಅಲ್ಲಿದ್ದುಕೊಂಡು ಕಾಲಲ್ಲಿ ನಡೆದು ಮನೆ ನೋಡಿ, ಅಕ್ಕಪಕ್ಕದವರನ್ನು ಮಾತಾಡಿಸಿ, ಆಮೇಲೆ ಸಹಿ ಹಾಕಿ. 'ರಿಜಿಸ್ಟ್ರೇಷನ್ ಆಗಲ್ಲ' ಅಂತ ಹೇಳುವ ಮನೆ ಎಷ್ಟೇ ಅಗ್ಗ ಇದ್ದರೂ ಬೇಡ. ವಾಸ ಇರುವ ಕಡೆ ನೋಂದಾಯಿಸುವುದು ಇಲ್ಲಿ ಕಾನೂನಿನ ಕರ್ತವ್ಯ, ಅದನ್ನು ತಡೆಯುವ ಅಧಿಕಾರ ಮಾಲೀಕನಿಗಿಲ್ಲ. ಬೇಡ ಅನ್ನುವವನು ಏನನ್ನೋ ಮುಚ್ಚಿಡುತ್ತಿದ್ದಾನೆ.

ದುಡ್ಡು ಹೋಗುವ ಖಾತೆ ಯಾರ ಹೆಸರಿನಲ್ಲಿದೆ ನೋಡಿ. ನಮ್ಮ ದುಡ್ಡು ಅವನ ಹೆಂಡತಿ ಅಂತ ಹೇಳಿದ ಒಬ್ಬರ ಖಾತೆಗೆ ಹೋಯಿತು. ಪಾಸ್‌ಪೋರ್ಟ್ ಪ್ರತಿಯನ್ನು ವಾಟ್ಸಾಪ್‌ನಲ್ಲಿ ಹಾಗೇ ಕಳಿಸಬೇಡಿ. ಡಚ್ ಸರ್ಕಾರದ್ದೇ ಕೋಪಿಐಡಿ (KopieID) ಅಂತ ಒಂದು ಆ್ಯಪ್ ಇದೆ. ಅದರಲ್ಲಿ ಮುಖ್ಯ ನಂಬರುಗಳನ್ನು ಮುಚ್ಚಿ, ಯಾರಿಗೆ, ಯಾಕೆ ಕೊಟ್ಟಿದ್ದು ಅಂತ ಪ್ರತಿಯ ಮೇಲೇ ಬರೆಯಬಹುದು.

ಈಗಾಗಲೇ ಸಿಕ್ಕಿಹಾಕಿಕೊಂಡವರು ಸುಮ್ನೆ ಇರಬೇಡಿ. ಪೊಲೀಸರಿಗೆ ದೂರು ಕೊಡಿ. ಯೂರಿಡಿಸ್ ಲೋಕೆಟ್ (Juridisch Loket) ಅನ್ನುವ ಕಾನೂನು ನೆರವಿನ ಕಚೇರಿಯಲ್ಲಿ ಕಡಿಮೆ ಆದಾಯದವರಿಗೆ ಸಲಹೆ ಉಚಿತ. ಪ್ರತಿ ಗೆಮೇಂಟೆಯಲ್ಲೂ ಬಾಡಿಗೆ ಕೊಡುವವರ ಮೇಲೆ ದೂರು ಹೇಳಲು ಒಂದು ವಿಭಾಗ ಇದೆ. ವೀಸಾಗೆ ತೊಂದರೆ ಆದೀತು ಅಂತ ನಮ್ಮವರು ಬಾಯಿ ಮುಚ್ಚಿಕೊಂಡು ಇರುತ್ತಾರೆ. ನಾವು ಎಲ್ಲ ಕಡೆ ಹೇಳಿದೆವು, ಯಾರೂ ನಮ್ಮನ್ನು ತಪ್ಪಿತಸ್ಥರ ಥರ ನೋಡಲಿಲ್ಲ.

ನಮ್ಮ ದುಡ್ಡು ಇನ್ನೂ ವಾಪಸ್ ಬಂದಿಲ್ಲ, ಕೇಸು ನಡೀತಿದೆ. ಐಂಡ್‌ಹೋವನ್, ಫೆಲ್ಡ್‌ಹೋವನ್ ಸುತ್ತಮುತ್ತ ಮನೆ ನೋಡುತ್ತಿರುವ ಕನ್ನಡದವರು ಯಾರಾದರೂ ಇದ್ದರೆ ವಿಳಾಸ ಕಳಿಸಿ. ಕಾಡಾಸ್ಟರ್‌ನಲ್ಲಿ ನಾನೇ ತೆಗೆದು ನೋಡಿ ಹೇಳುತ್ತೇನೆ. ಭಾನುವಾರ ಆದರೆ ನಾವಿಬ್ಬರೂ ಸೈಕಲ್‌ನಲ್ಲಿ ಹೋಗಿ ಮನೆ ನೋಡಿಕೊಂಡೇ ಬರುತ್ತೇವೆ.