ನಾಯಿಯ ಜಂತುಹುಳುವಿಗೆ ತ್ರಿಮಿಶ್ರಣದ ಮಾತ್ರೆ: ಕೊಳ್ಳುವ ಮುನ್ನ

ಪಶು ಔಷಧಿ ಅಂಗಡಿಗಳಲ್ಲಿ ಬೇರೆಬೇರೆ ಕಂಪನಿಗಳ ಹೆಸರು ಹೊತ್ತು ಸಿಗುವ ನಾಯಿಗಳ ಜಂತುನಾಶಕ ಮಾತ್ರೆಗಳಲ್ಲಿ ಹಲವುಗಳ ಒಳಗಿರುವುದು ಒಂದೇ ಮಿಶ್ರಣ: ಪ್ರಾಜಿಕ್ವಾಂಟೆಲ್ 50, ಪೈರಾಂಟೆಲ್ ಎಂಬೊನೇಟ್ 144 ಮತ್ತು ಫೆಬಾಂಟೆಲ್ 150 ಮಿಲಿಗ್ರಾಂ. ಹತ್ತು ಕಿಲೋ ತೂಕಕ್ಕೆ ಒಂದು ಮಾತ್ರೆ. ಆದ್ದರಿಂದ ಹೆಸರಿಗಿಂತ ಮಾತ್ರೆಪಟ್ಟಿಯ ಹಿಂದಿನ ಈ ಮೂರು ಸಾಲುಗಳನ್ನು ನೋಡಿ ಕೊಳ್ಳುವುದು ಲೇಸು. ಆ ಸಾಲುಗಳು ಕನ್ನಡದಲ್ಲಿಲ್ಲದಿರುವುದು, ಓದಲು ಭೂತಗನ್ನಡಿ ಬೇಕಾಗುವಷ್ಟು ಸಣ್ಣದಾಗಿರುವುದು ನನ್ನ ಮೊದಲ ಆಕ್ಷೇಪ.

ಕೊಡುವುದು ಸುಲಭ. ಉಪವಾಸ ಬೇಕಿಲ್ಲ, ನಮ್ಮ ನಾಯಿ ಮುದ್ದೆಯ ತುಣುಕಿನಲ್ಲಿ ಹುದುಗಿಸಿಟ್ಟ ಮಾತ್ರೆಯನ್ನು ತಕರಾರಿಲ್ಲದೆ ನುಂಗುತ್ತದೆ. ದುಂಡುಹುಳು, ಕೊಕ್ಕೆಹುಳು, ಚಾಟಿಹುಳುಗಳನ್ನು ಪೈರಾಂಟೆಲ್ ಮತ್ತು ಫೆಬಾಂಟೆಲ್ ಸೇರಿ ನೋಡಿಕೊಂಡರೆ, ಲಾಡಿಹುಳು ಪ್ರಾಜಿಕ್ವಾಂಟೆಲ್‌ನ ಪಾಲು. ಈ ಮಾತ್ರೆಗೆ ಹೆಚ್ಚು ಬೆಲೆ ತೆರಲು ನಿಜವಾದ ಕಾರಣವೂ ಅದೇ. ಮಾಂಸದಂಗಡಿಯ ಹಿಂದೆ ಎಸೆದ ಕುರಿಯ ಶ್ವಾಸಕೋಶ, ಯಕೃತ್ತುಗಳನ್ನು ತಿನ್ನುವ ನಾಯಿಯ ಕರುಳಿನಲ್ಲಿ ಎಕಿನೊಕಾಕಸ್ ಎಂಬ ಪುಟ್ಟ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆಗಳು ಮನುಷ್ಯನ ಹೊಟ್ಟೆ ಸೇರಿದರೆ ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ನೀರುಗುಳ್ಳೆಗಳಾಗಿ, ಎಷ್ಟೋ ವರ್ಷ ಯಾವ ಸೂಚನೆಯನ್ನೂ ಕೊಡದೆ ದೊಡ್ಡದಾಗುತ್ತಾ ಹೋಗುತ್ತವೆ. ನಾಯಿಗೆ ಕೊಟ್ಟ ಮಾತ್ರೆ ಅಂಗಳದಲ್ಲಿ ಆಡುವ ಮಗುವನ್ನೂ ಕಾಯುತ್ತದೆ ಎನ್ನುವುದು ಇಲ್ಲಿ ಉತ್ಪ್ರೇಕ್ಷೆಯಲ್ಲ.

ಆದರೆ ಅಂಗಡಿಯವರು ಹೇಳದೆ ಬಿಡುವ ಮಾತುಗಳಿವೆ. ಮಾತ್ರೆ ಕರುಳಿನಲ್ಲಿ ಅಂದು ಇರುವ ಹುಳುಗಳನ್ನು ಕೊಲ್ಲುತ್ತದೆಯೇ ಹೊರತು ಮುಂದೆ ಬರುವುದನ್ನು ತಡೆಯುವುದಿಲ್ಲ. ಅಕ್ಕಿಕಾಳಿನಂತಹ ತುಣುಕುಗಳನ್ನು ಉದುರಿಸುವ ಲಾಡಿಹುಳು ಚಿಗಟದ ಮೂಲಕ ಬರುವುದರಿಂದ, ಚಿಗಟಕ್ಕೆ ಮದ್ದು ಮಾಡದೆ ಮಾತ್ರೆಯನ್ನಷ್ಟೇ ಕೊಡುತ್ತಿದ್ದರೆ ಹಣ ದಂಡ. ಹೃದಯದ ಹುಳುವಿಗೆ ಇದು ಔಷಧಿಯಲ್ಲ. ಹಳೆಯ ಜಂತುನಾಶಕವಾದ ಪೈಪರಜಿನ್ ದ್ರವವನ್ನು ಇದರ ಜೊತೆ ಕೊಡಬಾರದು, ಏಕೆಂದರೆ ಪೈರಾಂಟೆಲ್ ಮತ್ತು ಅದು ಒಂದರ ಕೆಲಸವನ್ನೊಂದು ಕೆಡಿಸುತ್ತವೆ. ಇನ್ನು, ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಕೊಡುವ 400 ಮಿಲಿಗ್ರಾಂ ಅಲ್ಬೆಂಡಜೋಲ್ ಇದಕ್ಕೆ ಬದಲಿಯಲ್ಲ. ಉಳಿತಾಯಕ್ಕೆಂದು ಅದನ್ನು ನಾಯಿಗೆ ಹಾಕುವುದು ಸಲ್ಲದು.

ಎಳೆಯ ಮರಿಗಳ ಮಟ್ಟಿಗೆ ಮಾತ್ರೆ ಅನನುಕೂಲವೇ. ದುಂಡುಹುಳುವಿನ ಮರಿಗಳು ತಾಯಿಯ ಗರ್ಭದಲ್ಲಿಯೇ ನಾಯಿಮರಿಗಳ ಒಡಲನ್ನು ಸೇರಿರುವುದರಿಂದ ಎರಡು ವಾರ ತುಂಬಿದಾಗಲೇ ಮದ್ದು ಆರಂಭಿಸಿ, ಎರಡೆರಡು ವಾರಕ್ಕೊಮ್ಮೆ ಮುಂದುವರಿಸಬೇಕಾಗುತ್ತದೆ. ಒಂದು ಕಿಲೋ ಮರಿಗೆ ಮಾತ್ರೆಯನ್ನು ಹತ್ತು ಪಾಲು ಮಾಡುವ ಸಾಹಸಕ್ಕಿಂತ, ಕಿಲೋಗೆ ಒಂದು ಮಿಲಿಲೀಟರ್ ಲೆಕ್ಕದಲ್ಲಿ ಕೊಡುವ ಪೈರಾಂಟೆಲ್–ಫೆಬಾಂಟೆಲ್ ದ್ರವವನ್ನು ಪಶುವೈದ್ಯರಿಂದ ಬರೆಸಿಕೊಳ್ಳುವುದು ಒಳಿತು.