ಕಾಂಟ್ರಿಬ್ಯೂಟರ್ ಕವೆನೆಂಟ್ 2.1: ಫೈಲ್ ಚೆನ್ನಾಗಿದೆ, ದೂರು ಬಂದ ದಿನ ಏನಾಗುತ್ತೆ?

ನಮ್ಮ ಪ್ರಾಜೆಕ್ಟ್‌ಗೆ ಕಾಂಟ್ರಿಬ್ಯೂಟರ್ ಕವೆನೆಂಟ್‌ನ 2.1ನೇ ಆವೃತ್ತಿ ಹಾಕಿ ಮೂರು ವರ್ಷ ಆಯ್ತು. ಈ ಮೂರು ವರ್ಷದಲ್ಲಿ ನಿಜವಾದ ದೂರುಗಳು ಬಂದಿವೆ, ಅದಕ್ಕೇ ಬರೆಯುತ್ತಿದ್ದೇನೆ. ಓಪನ್ ಸೋರ್ಸ್ ಲೋಕದಲ್ಲಿ, ಅಂದರೆ ಎಲ್ಲರಿಗೂ ತೆರೆದಿಟ್ಟ ಕೋಡ್‌ನ ಲೋಕದಲ್ಲಿ, ತುಂಬಾ ಬಳಕೆಯಲ್ಲಿರುವ ಕೋಡ್ ಆಫ್ ಕಂಡಕ್ಟ್ (ಹೇಗೆ ನಡೆದುಕೊಳ್ಳಬೇಕು ಅನ್ನುವ ನಿಯಮಗಳ ಫೈಲ್) ಇದು. 2014ರಿಂದ ಇದೆ, ಉಚಿತ, ಕಾಪಿ ಮಾಡಿ ಹಾಕಿದರೆ ಆಯ್ತು. ನಾನು 5ಕ್ಕೆ 4 ಕೊಡುತ್ತೇನೆ. ಕಳೆದ ಆ ಒಂದು ಅಂಕದ ಬಗ್ಗೆಯೇ ಸ್ವಲ್ಪ ಜಾಸ್ತಿ ಬರೆಯಬೇಕಿದೆ.

ಮೊದಲು ಒಳ್ಳೆಯದು. 2.0ರಿಂದ ಇದರಲ್ಲಿ ತಪ್ಪಿಗೆ ತಕ್ಕ ಕ್ರಮದ ನಾಲ್ಕು ಮೆಟ್ಟಿಲು ಇವೆ: ತಿದ್ದುವುದು, ಎಚ್ಚರಿಕೆ, ತಾತ್ಕಾಲಿಕ ಬ್ಯಾನ್, ಕಾಯಂ ಬ್ಯಾನ್. ಹಳೆಯ 1.4ರಲ್ಲಿ ಇದು ಇರಲಿಲ್ಲ, ಯಾವ ತಪ್ಪಿಗೆ ಯಾವ ಕ್ರಮ ಅನ್ನುವುದು ಪೂರ್ತಿ ಪ್ರಾಜೆಕ್ಟ್ ನಡೆಸುವ ಮೇಂಟೇನರ್‌ಗಳಿಗೇ ಬಿಟ್ಟಿತ್ತು. ಮೊದಲ ಮೆಟ್ಟಿಲು ನನಗೆ ಎಲ್ಲಕ್ಕಿಂತ ಇಷ್ಟ. ಖಾಸಗಿಯಾಗಿ, ಬರವಣಿಗೆಯಲ್ಲಿ, ಏನು ತಪ್ಪಾಯ್ತು ಮತ್ತು ಅದು ಯಾಕೆ ತಪ್ಪು ಅಂತ ಹೇಳಬೇಕು. ನಾವು ಅವರದೇ ವಾಕ್ಯವನ್ನು ಎತ್ತಿ ತೋರಿಸಿ, ಅದನ್ನು ಓದಿದವರಿಗೆ ಏನಾಯ್ತು ಅಂತ ಬರೆದು, ಮುಂದೆ ಹೇಗೆ ಹೇಳಬಹುದು ಅಂತ ಒಂದು ಸಾಲು ಸೇರಿಸಿ ಕಳಿಸುತ್ತೇವೆ. ಬೈಗುಳ ಇಲ್ಲ, ಎಲ್ಲರ ಮುಂದೆ ಅವಮಾನ ಇಲ್ಲ. ಬಹಳ ಸಲ ವಿಷಯ ಅಲ್ಲಿಗೇ ಮುಗಿದಿದೆ.

ಆದರೆ ನಮಗೆ ಬಂದ ಮೊದಲ ದೂರನ್ನು ನಾವು ಹೀಗೆ ನೋಡಿಕೊಳ್ಳಲಿಲ್ಲ. ಒಬ್ಬ ಹೊಸಬರ ಪುಲ್ ರಿಕ್ವೆಸ್ಟ್‌ನಲ್ಲಿ (ತಾವು ಬರೆದ ಕೋಡ್ ಸೇರಿಸಿಕೊಳ್ಳಿ ಅನ್ನುವ ಮನವಿ) ಕೋಡ್ ಪರಿಶೀಲಿಸುವ ನಮ್ಮ ಹಳೆಯ ರಿವ್ಯೂವರ್ ಒಬ್ಬರು "ಕೋಡ್ ಬರೆಯೋಕೆ ಬರದಿದ್ದರೆ ಬೇರೆಯವರ ಸಮಯ ಯಾಕೆ ಹಾಳು ಮಾಡ್ತೀರಿ" ಅಂತ ಬರೆದರು. ಅದೂ ಒಂದು ಸಲ ಅಲ್ಲ. ಫೈಲ್‌ನಲ್ಲಿ ದೂರು ಕೊಡಲು ಇದ್ದದ್ದು ಒಂದೇ ಇಮೇಲ್ ವಿಳಾಸ, ನನ್ನದು. ಆ ರಿವ್ಯೂವರ್ ನನ್ನ ಹತ್ತಿರದ ಸ್ನೇಹಿತ ಅನ್ನುವುದು ಪ್ರಾಜೆಕ್ಟ್‌ನಲ್ಲಿ ಎಲ್ಲರಿಗೂ ಗೊತ್ತು. ಆದರೂ ಹೊಸಬರು ಧೈರ್ಯ ಮಾಡಿ ನನಗೇ ಬರೆದರು. ನಾನು "ನೋಡುತ್ತೇನೆ" ಅಂತ ಉತ್ತರ ಕೊಟ್ಟು, ಸ್ನೇಹಿತನ ಹತ್ತಿರ ಹೇಗೆ ಮಾತಾಡುವುದು ಅಂತ ತಿಳಿಯದೆ ಮೂರು ವಾರ ತಳ್ಳಿದೆ. ಅಷ್ಟರಲ್ಲಿ ಅವರು ಪುಲ್ ರಿಕ್ವೆಸ್ಟ್ ಮುಚ್ಚಿ ಹೋಗಿಬಿಟ್ಟರು.

ತಪ್ಪು ನನ್ನದು. ಆದರೆ 2.1 ಇಲ್ಲಿ ಕೈಹಿಡಿಯುವುದಿಲ್ಲ ಅನ್ನುವುದೂ ನಿಜ. ದೂರು ಕೊಟ್ಟವರ ಗುಟ್ಟು ಕಾಪಾಡಿ ಅನ್ನುತ್ತದೆ, ದೂರನ್ನು ತಡಮಾಡದೆ, ನ್ಯಾಯವಾಗಿ ನೋಡಿ ಅನ್ನುತ್ತದೆ, ಎರಡೂ ಸರಿ. ಆದರೆ ಎಷ್ಟು ದಿನದಲ್ಲಿ? ಯಾರು ಕೂತು ತೀರ್ಮಾನಿಸಬೇಕು? ನೋಡಬೇಕಾದವರೇ ಆರೋಪಿಯ ಸ್ನೇಹಿತರಾದರೆ? ಒಂದು ಮಾತೂ ಇಲ್ಲ. ಸಂಪರ್ಕ ವಿಳಾಸದ ಜಾಗವನ್ನು ನಾವೇ ತುಂಬಬೇಕು, ಅದನ್ನು ತುಂಬದೆ ಟೆಂಪ್ಲೇಟ್‌ನಲ್ಲಿದ್ದ ಹಾಗೇ ಬಿಟ್ಟ ಪ್ರಾಜೆಕ್ಟ್‌ಗಳನ್ನೂ ನೋಡಿದ್ದೇನೆ. ಅಲ್ಲಿ ನೊಂದವರು ಎಲ್ಲಿಗೆ ಹೋಗಬೇಕು?

ಈ ಕೊರತೆ ತುಂಬಲು ನಾವು ಹೋಗಿದ್ದು ವೆಬ್‌ಸೈಟ್ ಕಟ್ಟಲು ಬಳಸುವ ಜಾಂಗೋ ಸಾಫ್ಟ್‌ವೇರ್ ಸಮುದಾಯದ ಕೈಪಿಡಿಗೆ. ದೂರು ಬಂದ ಮೇಲೆ ಏನೇನು ಮಾಡಬೇಕು ಅಂತ ಅವರು ಎಲ್ಲರಿಗೂ ಕಾಣುವಂತೆ ಬರೆದಿಟ್ಟಿದ್ದಾರೆ. ಒಂದು ವಾರದಲ್ಲಿ ತೀರ್ಮಾನ ಮಾಡುವ ಗುರಿ. ಆಗದಿದ್ದರೆ ಎಲ್ಲಿಗೆ ಬಂತು, ಇನ್ನೆಷ್ಟು ದಿನ ಬೇಕು ಅಂತ ದೂರು ಕೊಟ್ಟವರಿಗೆ ತಿಳಿಸಬೇಕು. ವಿಷಯಕ್ಕೆ ಸಂಬಂಧ ಇರುವ ಸದಸ್ಯರು ಅದರಿಂದ ಹೊರಗೆ ಉಳಿಯಬೇಕು. ಈಗ ನಮ್ಮ ವಿಳಾಸ ಮೂವರಿಗೆ ಹೋಗುತ್ತದೆ, ಅದರಲ್ಲಿ ಒಬ್ಬರು ಪ್ರಾಜೆಕ್ಟ್‌ಗೆ ಕೋಡೇ ಬರೆಯುವವರಲ್ಲ. ಈ ಮೂವರಲ್ಲಿ ಒಬ್ಬರ ಬಗ್ಗೆಯೇ ದೂರಿದ್ದರೆ ಉಳಿದವರಿಗೆ ಬೇರೆಯಾಗಿ ಬರೆಯಬಹುದು ಅಂತಲೂ ಹಾಕಿದ್ದೇವೆ.

ಎರಡನೇ ಮೆಟ್ಟಿಲಾದ ಎಚ್ಚರಿಕೆಯನ್ನು ಜಾರಿ ಮಾಡುವುದು ಕಷ್ಟ. ಇಂತಿಷ್ಟು ದಿನ ನೊಂದ ವ್ಯಕ್ತಿಯ ಜೊತೆ ಮಾತಾಡಬೇಡಿ ಅಂತ ಹೇಳಬೇಕು, ಆದರೆ ಇಬ್ಬರೂ ಒಂದೇ ಮಾಡ್ಯೂಲ್‌ನಲ್ಲಿ ಕೆಲಸ ಮಾಡುತ್ತಿದ್ದರೆ? ನಾವು ರಿವ್ಯೂಗಳನ್ನು ಬೇರೆಯವರಿಗೆ ಕೊಟ್ಟೆವು. ಕೆಲಸ ನಿಧಾನ ಆಯ್ತು, ಆದರೆ ನೊಂದವರನ್ನು ಪಕ್ಕಕ್ಕೆ ಸರಿಸಲಿಲ್ಲ. ತಾತ್ಕಾಲಿಕ ಬ್ಯಾನ್ ಸುಲಭ, ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಆರ್ಗನೈಸೇಶನ್ ಖಾತೆ ಇದ್ದರೆ 1, 3, 7 ಅಥವಾ 30 ದಿನಕ್ಕೆ ಬ್ಲಾಕ್ ಮಾಡಬಹುದು.

ಸಣ್ಣ ಪ್ರಾಜೆಕ್ಟ್‌ಗೆ ಇಷ್ಟೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ದೊಡ್ಡವರಿಗೂ ಬರೀ ಫೈಲ್ ಸಾಕಾಗಿಲ್ಲ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಪ್ರಾಜೆಕ್ಟ್ 2018ರ ಸೆಪ್ಟೆಂಬರ್‌ನಲ್ಲಿ ಇದರ 1.4ನ್ನು ತೆಗೆದುಕೊಂಡಿತು, ಮರುತಿಂಗಳೇ ಅದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಅಂತ ಇನ್ನೊಂದು ದಾಖಲೆ ಸೇರಿಸಬೇಕಾಯ್ತು. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ರಾಜೆಕ್ಟ್‌ನಲ್ಲಿ 2021ರ ನವೆಂಬರ್‌ನಲ್ಲಿ ಇಂಥ ದೂರುಗಳನ್ನು ನೋಡುವ ಮಾಡರೇಶನ್ ತಂಡ ಪೂರ್ತಿ ರಾಜೀನಾಮೆ ಕೊಟ್ಟಿತು. ಪ್ರಾಜೆಕ್ಟ್ ಮುನ್ನಡೆಸುವ ಕೋರ್ ಟೀಮ್ ಯಾರಿಗೂ ಉತ್ತರ ಕೊಡಬೇಕಿಲ್ಲದ ಜಾಗದಲ್ಲಿ ಕೂತಿದೆ ಅನ್ನುವುದು ಅವರ ಕಾರಣ. ಮೇಲಿರುವವರಿಗೂ ಅದೇ ನಿಯಮ ಇಲ್ಲದಿದ್ದರೆ ಕೆಳಗಿನವರು ಯಾಕೆ ನಂಬಬೇಕು, ಅಲ್ವಾ?

2025ರಲ್ಲಿ 3.0 ಬಂದಿದೆ. ಅದರಲ್ಲಿ ಕಾಯಂ ಬ್ಯಾನ್ ಬಿಟ್ಟು ಉಳಿದ ಮೆಟ್ಟಿಲುಗಳಲ್ಲಿ ಆದ ಹಾನಿಯನ್ನು ಸರಿಪಡಿಸುವ ದಾರಿಯ ಬಗ್ಗೆಯೂ ಮಾತಿದೆ. ಅದಕ್ಕೆ ಹೋಗಬೇಕು ಅಂತ ಮೂವರೂ ಒಪ್ಪಿದ್ದೇವೆ. ನೀವು ಈಗ ಹೊಸದಾಗಿ ಹಾಕುವವರಾದರೆ ನೇರ ಅದನ್ನೇ ಹಾಕಿ. ಹಾಕುವ ಮೊದಲು ಆ ವಿಳಾಸಕ್ಕೆ ನೀವೇ ಒಂದು ಮೇಲ್ ಕಳಿಸಿ, ಯಾರು ಎಷ್ಟು ಹೊತ್ತಿಗೆ ಓದುತ್ತಾರೆ ಅಂತ ನೋಡಿ. ಆ ಮೊದಲ ಹೊಸಬರಿಗೆ ನಾನು ಆಮೇಲೆ ಕ್ಷಮೆ ಕೇಳಿ ಬರೆದೆ. ಉತ್ತರ ಬರಲಿಲ್ಲ. ಅವರ ಪುಲ್ ರಿಕ್ವೆಸ್ಟ್‌ನ ಕೋಡ್ ಸರಿಯಾಗಿಯೇ ಇತ್ತು.